ಕೊನೆಯ ಮೂಸ್ ಊರಿನ ಪಾಲು

ತೈಸ್ತೊನ ಆ ದಿನದ ಅನರ್ಥಕ್ಕೆಲ್ಲ ಮೂಲ ಒಂದು ಹಿಡಿ ಸೋಪಿನ ಪುಡಿ.

ಬೆಳಗಿನ ಆರೂವರೆಗೆ ಅವನು ಅಡುಗೆಮನೆಯಲ್ಲಿ ಉದ್ದನೆಯ ಒಳಚಡ್ಡಿಯಲ್ಲೇ ನಿಂತು, ಬೇಟೆಯ ಜಾಕೆಟ್ಟನ್ನು ಮೂಗಿನಿಂದ ಮೊಳ ದೂರ ಹಿಡಿದುಕೊಂಡಿದ್ದ. ಬೀರುವಿನಲ್ಲಿ ಸತ್ತ ಇಲಿ ಸಿಕ್ಕವನ ಮುಖ.

"ಇದೇನೇ ಇದು ವಾಸನೆ?"

"ಲೈಲಾಕ್ ಹೂವಿನದು," ಎಂದಳು ಹೆಂಡತಿ ಹಿಲ್ಕ, ಕಾಫಿ ಬಗ್ಗಿಸುತ್ತ. "ಹೊಸ ಪುಡಿ ತಂದಿದ್ದೆ. ಚೆನ್ನಾಗಿಲ್ವಾ?"

"ಚೆನ್ನಾಗಿದೆ! ಮದುಮಗಳಿಗೆ ಚೆನ್ನಾಗಿದೆ! ಮೂಸ್‌ಗೆ ಇದು ಆಚೆ ಕೆರೆ ದಂಡೆಯಿಂದಲೇ ಮೂಗಿಗೆ ಬಡಿಯುತ್ತೆ ಕಣೆ. ಹದಿನೇಳು ವರ್ಷದಿಂದ ಈ ಜಾಕೆಟ್ಟಿಗೆ ನಾನು ನೀರು ಸೋಕಿಸಿಲ್ಲ. ನಿನಗೆ ಇವತ್ತೇ ಆಗ್ಬೇಕಿತ್ತಾ?"

"ಪ್ಯಾಂಟು, ಟೋಪಿ, ಕೈಗವಸು ಎಲ್ಲಾ ಒಗೆದಿದ್ದೀನಿ. ಎರಡೆರಡು ಸಲ," ಎಂದಳು ಹಿಲ್ಕ. ಆ ಮಾತಿನಲ್ಲಿ ಪಶ್ಚಾತ್ತಾಪದ ಸುಳಿವೂ ಇರಲಿಲ್ಲ. ಆಮೇಲೆ ಲೋಟ ಮುಂದಕ್ಕೆ ತಳ್ಳಿ, "ಇವತ್ತು ಹೋಗ್ಲೇಬೇಕಾ ತೈಸ್ತೊ? ಸೊಂಟ ಹಿಡ್ಕೊಂಡಿದೆ ಅಂತ ಫೋನ್ ಮಾಡಿಬಿಡು," ಎಂದಳು.

"ಇವತ್ತು ಹೋಗದೇ ಇದ್ರೆ ಸಾಯೋತನಕ ನಾನು ಹಂದಿ ತೈಸ್ತೊ ಆಗೇ ಇರ್ಬೇಕು. ಗೋರಿ ಮೇಲೂ ಅದನ್ನೇ ಕೆತ್ತಿಸ್ತಾರೆ."

ಹಿಲ್ಕ ಪಾತ್ರೆ ತೊಳೆಯಲು ತಿರುಗಿದಳು.

ಹೌಕಿಲಂಪಿ ಊರಿನಲ್ಲಿ ಹಂದಿ ತೈಸ್ತೊ ಯಾರೆಂದು ಕೇಳಿದರೆ ತೊಟ್ಟಿಲ ಕೂಸೂ ಬೆರಳು ಮಾಡಿ ತೋರಿಸುತ್ತದೆ. ಊರಿನ ಬೇಟೆ ಸಂಘಕ್ಕೆ ವರ್ಷಕ್ಕೆ ಇಷ್ಟೇ ಮೂಸ್, ಅಂದರೆ ದೊಡ್ಡ ಕಾಡುಸಾರಂಗ, ಹೊಡೆಯಬಹುದು ಎಂದು ಸರ್ಕಾರದ ಪರವಾನಗಿ ಸಿಗುತ್ತದೆ. ಬಿದ್ದದ್ದನ್ನೆಲ್ಲ ಸದಸ್ಯರು ಪಾಲು ಮಾಡಿಕೊಳ್ಳುತ್ತಾರೆ, ಕೊನೆಯದೊಂದನ್ನು ಬಿಟ್ಟು. ಕೊನೆಯ ಮೂಸ್ ಊರಿನ ಪಾಲು. ಬೇಟೆಯಾಡುವುದು ಊರಿನವರ ಕಾಡಿನಲ್ಲಿ ತಾನೇ? ಆ ಋಣಕ್ಕೆ ನವೆಂಬರಿನ ಕೊನೆಯ ಶನಿವಾರ ನಲವತ್ತಮೂರು ಮಂದಿ ಕಾಡಿನ ಒಡೆಯರನ್ನು ಮಕ್ಕಳುಮರಿ ಸಮೇತ ಕರೆದು ಹಂಡೆಗಟ್ಟಲೆ ಮೂಸ್ ಸೂಪು ಬಡಿಸಬೇಕು. ಅಜ್ಜಂದಿರ ಕಾಲದಿಂದ ನಡೆದುಬಂದ ಪದ್ಧತಿ. ಹೋದ ವರ್ಷ ಆ ಕೊನೆಯ ಮೂಸ್ ನೇರವಾಗಿ ತೈಸ್ತೊ ಕಾಯುತ್ತಿದ್ದ ಜಾಗಕ್ಕೇ ಬಂತು. ಕುದುರೆಗಿಂತ ಎತ್ತರದ ಪ್ರಾಣಿ, ಇಪ್ಪತ್ತು ಹೆಜ್ಜೆ ದೂರ. ತೈಸ್ತೊನ ಒಂದು ಕೈಯಲ್ಲಿ ಸಾಸೇಜು, ಇನ್ನೊಂದರಲ್ಲಿ ಕಾಫಿ. ಮೂಸ್ ಅವನನ್ನು ನೋಡಿತು, ಅವನು ಮೂಸ್ ಕಡೆ ನೋಡಿದ, ಕಾಫಿ ಚೆಲ್ಲಿತು, ಮೂಸ್ ಹೋಯಿತು. ಅವನು ಸಾಸೇಜನ್ನೇ ಎತ್ತಿ ಗುರಿಯಿಟ್ಟ ಎನ್ನುವುದು ಮಾತ್ರ ಶುದ್ಧ ಸುಳ್ಳು.

ಫ್ರೀಜರ್ ಸೇರಿದ ಮಾಂಸವನ್ನು ವಾಪಸು ಕೊಡುವಷ್ಟು ದೊಡ್ಡ ಮನಸ್ಸು ಸಂಘದಲ್ಲಿ ಯಾರಿಗೂ ಇರಲಿಲ್ಲ. ಹಾಗಾಗಿ ಆ ಶನಿವಾರ ಹಂಡೆಗೆ ಬಿದ್ದದ್ದು ಅಂಗಡಿಯ ಹಂದಿ ಮಾಂಸ. ಮೊದಲ ಗುಟುಕು ಬಾಯಿಗಿಟ್ಟ ಪಕ್ಕದ ಮನೆಯಾಕೆ, ಕಾಡಿನ ಒಡೆಯರಲ್ಲೊಬ್ಬಳಾದ ಲೆಂಪಿ ಅಜ್ಜಿ, ಚಮಚ ಕೆಳಗಿಟ್ಟು, ಊಟ ನಡೆಯುತ್ತಿದ್ದ ಶಾಲೆಯ ಸಭಾಂಗಣಕ್ಕೆಲ್ಲ ಕೇಳುವಂತೆ ಆ ಹೆಸರಿಟ್ಟಳು. ತೈಸ್ತೊನ ಕೆಲಸ ಬೇರೆ ಅಂಚೆ ಹಂಚುವುದು. ದಿನಕ್ಕೆ ಎಂಬತ್ತು ಮನೆ. ಎಂಬತ್ತು ಮನೆಯ ಗೇಟಿನಲ್ಲೂ ಒಂದು ವರ್ಷ ಅದೇ ನಗು.

ಅಂದು ಬೆಳಿಗ್ಗೆಯೂ ಅವನು ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಾಗ ಬೇಲಿಯಾಚೆಯಿಂದ ಲೆಂಪಿ ಅಜ್ಜಿಯ ಟಾರ್ಚು ಬಿತ್ತು. ಎಪ್ಪತ್ತೆಂಟರ ಮುದುಕಿ, ಕೈಯಲ್ಲಿ ಹಿಮದ ಸಲಿಕೆ.

"ಏನಪ್ಪಾ ಹಂದಿ ತೈಸ್ತೊ, ಶನಿವಾರಕ್ಕೆ ಏನು ಸೂಪು? ನಾನು ಬಟ್ಟಲು ತರ್ಲೋ, ಮನೇಲೇ ಗಂಜಿ ಕುಡೀಲೋ?"

"ಬಟ್ಟಲು ತನ್ನಿ ಅಜ್ಜಿ. ದೊಡ್ಡದೇ ತನ್ನಿ."

ಅಜ್ಜಿ ಮೂಗು ಎತ್ತಿ ಗಾಳಿ ಎಳೆದಳು. "ಇದೇನು, ನವೆಂಬರಿನಲ್ಲಿ ಲೈಲಾಕ್ ಬಿಟ್ಟಿದೆಯಲ್ಲ," ಎಂದು ಸುತ್ತ ಟಾರ್ಚು ಹಾಯಿಸಿ ಹುಡುಕತೊಡಗಿದಳು. ತೈಸ್ತೊ ಅರ್ಧ ಗಾಜು ಕೆರೆದಷ್ಟಕ್ಕೇ ಕಾರು ಹತ್ತಿ ಓಡಿದ.

ಊರಾಚೆಯ ಬೇಟೆ ಮನೆಗೆ ಅವನು ಬಂದಾಗ ಉಳಿದ ಆರು ಮಂದಿಯೂ ಸೇರಿದ್ದರು. ಸಂಘದ ಮುಂದಾಳು ಔಲಿಸ್ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಫೋನಿನಲ್ಲಿ, "ಹೂಂ ಲೆಂಪಿ ಅಜ್ಜಿ... ಪೈನ್ ಸಸಿ... ಎಷ್ಟು ತಿಂದಿವೆ? ನೂರಾ ಇಪ್ಪತ್ತಾ? ಹೂಂ... ನಾನೇ ಬಂದು ಎಣಿಸ್ತೀನಿ... ಇಲ್ಲ ಅಜ್ಜಿ, ಮೂಸ್‌ಗೆ ನಾನು ಹೇಳಿ ಕಳಿಸಿರ್ಲಿಲ್ಲ," ಎನ್ನುತ್ತಿದ್ದ. ಹನ್ನೊಂದು ವರ್ಷದಿಂದ ಔಲಿಸನೇ ಮುಂದಾಳು. ಎತ್ತರದ ಆಳು, ಈಗ ಕೊಡೆ ಹಿಡಿಕೆಯ ಹಾಗೆ ಬಾಗಿದ್ದಾನೆ.

ಮೊದಲು ಮೂಗು ಅರಳಿಸಿದವನು ಕಲೇವಿ. ನಲವತ್ತು ವರ್ಷದಲ್ಲಿ ಒಂದೂ ಗುರಿ ತಪ್ಪದವನು. ಕಾಡಿನಲ್ಲಿ ಅವನ ಮಾತೆಂದರೆ ಎಲ್ಲರೂ ಕಿವಿಗೊಡುತ್ತಾರೆ.

"ಯಾರೋ ಇದು, ಹೆಣ್ಣು ನೋಡೋಕೆ ಹೊರಟಿರೋರು?"

ತೈಸ್ತೊ ಬಾಗಿಲಲ್ಲೇ ಕುಗ್ಗಿದ. "ಹೆಂಡತಿ ಬಟ್ಟೆ ಒಗೆದುಬಿಟ್ಟಿದ್ದಾಳೆ," ಎಂದು ತಪ್ಪೊಪ್ಪಿಕೊಂಡ. ಈಗ ನಗು ಸಿಡಿಯುತ್ತದೆ, ಹಂದಿಯ ಜೊತೆಗೆ ಹೂವೂ ಸೇರಿ ಹೊಸ ಹೆಸರೊಂದು ಹುಟ್ಟುತ್ತದೆ ಎಂದು ಕಣ್ಣು ಮುಚ್ಚಿಕೊಂಡ.

ಯಾರೂ ನಗಲಿಲ್ಲ. ಕಣ್ಣು ತೆರೆದರೆ ಆರು ಮುಖಗಳೂ ಶವಸಂಸ್ಕಾರಕ್ಕೆ ಬಂದವರ ಹಾಗೆ ಗಂಭೀರವಾಗಿದ್ದವು. ಔಲಿಸ್ ಲೆಂಪಿ ಅಜ್ಜಿಯ ಮಾತನ್ನು ಅರ್ಧಕ್ಕೇ ಕತ್ತರಿಸಿದ. ಹನ್ನೊಂದು ವರ್ಷದಲ್ಲಿ ಅದು ಮೊದಲ ಸಲ.

"ಬಿಚ್ಚು," ಎಂದ.

"ಏನನ್ನ?"

"ಎಲ್ಲಾನೂ. ಸುಲೊ, ಹೊರಗೆ ಬೆಂಕಿ ಮಾಡು. ಆಲ್ಡರ್ ಸೌದೆ ಹಾಕು, ಹೊಗೆ ಜಾಸ್ತಿ ಬರ್ಬೇಕು. ಕಲೇವಿ, ಜುನಿಪರ್ ಸೊಪ್ಪು ತಾ."

ಮೈನಸ್ ಎಂಟು ಡಿಗ್ರಿ ಚಳಿಯಲ್ಲಿ ತೈಸ್ತೊ ಒಳಚಡ್ಡಿಯಲ್ಲಿ, ಯಾರದೋ ಹೊದಿಕೆ ಸುತ್ತಿಕೊಂಡು ನಿಂತ. ಬೇಕರಿಯ ಸುಲೊ ಅವನ ಜಾಕೆಟ್ಟನ್ನು ಕೋಲಿಗೆ ಸಿಕ್ಕಿಸಿ, ರೊಟ್ಟಿ ಬೇಯಿಸುವಷ್ಟು ಆಸ್ಥೆಯಿಂದ ಹೊಗೆಯ ಮೇಲೆ ಹೊರಳಿಸಿದ. ಬಲ ತೋಳು ಮೊಣಕೈವರೆಗೆ ಸುಟ್ಟಿತು. ಕಲೇವಿ ಪ್ಯಾಂಟನ್ನು ನೆಲಕ್ಕೆ ಹಾಸಿ ಜುನಿಪರ್ ಸೊಪ್ಪಿನಿಂದ ಉಜ್ಜಿದ. ದಪ್ಪ ಕನ್ನಡಕದ ರೈಮೊಗೆ ಮಾಡಲು ಕೆಲಸ ಉಳಿದಿರಲಿಲ್ಲ. ಆದರೂ ಉಪಕಾರ ಮಾಡಲೇಬೇಕೆಂದು ತೈಸ್ತೊನ ಬೂಟುಗಳನ್ನು ಬೆಂಕಿಯ ಪಕ್ಕಕ್ಕಿಟ್ಟ. ಬೂಟಿಗೆ ಯಾವ ವಾಸನೆಯೂ ಇರಲಿಲ್ಲ. ಎಡ ಬೂಟಿನ ಅಟ್ಟೆ ಬಿಸಿಗೆ ದೋಣಿಯ ಹಾಗೆ ಬಾಗಿತು.

"ಬಿಡ್ರಪ್ಪಾ, ಸಾಕು," ಎಂದ ತೈಸ್ತೊ ಹಲ್ಲು ಕಟಕಟಿಸುತ್ತ. "ನಾನು ಹಿಂದಿನ ಜೌಗಿನ ಹತ್ರ ಕೂತ್ಕೋತೀನಿ. ಹೇಗಿದ್ರೂ ಅಲ್ಲಿಗೆ ಯಾವ ಪ್ರಾಣಿಯೂ ಬರಲ್ಲ."

ಬೇಟೆಗೆ ಇಬ್ಬರು ಕಾಡಿನ ಒಂದು ಬದಿಯಿಂದ ಕೂಗುತ್ತ ಸೋವಿಕೊಂಡು ಬರುತ್ತಾರೆ. ಉಳಿದವರು ಪ್ರಾಣಿ ಹಾಯುವ ದಾರಿಗಳಲ್ಲಿ ಕಂಡಿ ಕಾಯುತ್ತಾರೆ. ಯಾರಿಗೆ ಯಾವ ಕಂಡಿ ಎಂದು ಚೀಟಿ ಎತ್ತಿ ತೀರ್ಮಾನ. ಹದಿನೇಳು ವರ್ಷದಲ್ಲಿ ಹದಿನಾರು ಸಲ ತೈಸ್ತೊನ ಚೀಟಿಯಲ್ಲಿ ಬಂದಿದ್ದು ಹಿಂದಿನ ಜೌಗೇ.

"ಇವತ್ತು ಚೀಟಿ ಇಲ್ಲ," ಎಂದ ಔಲಿಸ್. "ದೊಡ್ಡ ಬಂಡೆ ಕಂಡಿ ತೈಸ್ತೊಗೆ."

ತೈಸ್ತೊನ ಹಲ್ಲುಗಳು ಕಟಕಟಿಸುವುದನ್ನು ನಿಲ್ಲಿಸಿದವು. ದೊಡ್ಡ ಬಂಡೆ ಎಂದರೆ ಸಂಘದ ಸಿಂಹಾಸನ. ಕಲೇವಿಯ ಇಪ್ಪತ್ತಮೂರು ಮೂಸ್ ಬಿದ್ದದ್ದು ಅಲ್ಲೇ.

"ಕಲೇವಿ ಏನಂತಾನೆ?" ಎಂದು ಅಳುಕುತ್ತ ಕೇಳಿದ.

"ಏನನ್ನಲಿ? ನೀನೂ ಮನುಷ್ಯ ತಾನೇ," ಎಂದ ಕಲೇವಿ, ತನ್ನ ಹಿಮಸಾರಂಗದ ಚರ್ಮವನ್ನು ಸುತ್ತಿ ಅವನ ಕಂಕುಳಿಗೆ ತುರುಕಿ. "ಇದರ ಮೇಲೆ ಕೂತ್ಕೋ. ನೆಲ ತಣ್ಣಗಿರುತ್ತೆ." ಆಮೇಲೆ ತೈಸ್ತೊನ ಬಂದೂಕು ಇಸಕೊಂಡು, ದುರ್ಬೀನಿನ ಗಾಜು ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸಿದ.

ಇವರನ್ನು ಒಂದು ವರ್ಷದಿಂದ ಮನಸ್ಸಿನಲ್ಲೇ ಎಷ್ಟು ಬೈದುಕೊಂಡಿದ್ದೆ ಎಂದು ತೈಸ್ತೊಗೆ ನಾಚಿಕೆಯಾಯಿತು.

"ಆದ್ರೆ ಒಂದು," ಎಂದ ಔಲಿಸ್, ಅವನ ಚೀಲದಿಂದ ಸಾಸೇಜಿನ ಪೊಟ್ಟಣ ಎತ್ತಿ ಮೇಜಿನ ಮೇಲಿಡುತ್ತ. "ಇದು ಇಲ್ಲೇ ಇರುತ್ತೆ. ಕಾಫಿನೂ ಇಲ್ಲೇ. ಉಳಿದಿರೋದು ಒಂದೇ ಪರವಾನಗಿ, ಒಂದೇ ದಿನ. ಇವತ್ತೂ ಬಿಟ್ಟೆ ಅಂದ್ರೆ ಮುಂದಿನ ವರ್ಷದಿಂದ ನಿನಗೆ ಕಂಡಿ ಇಲ್ಲ, ಬಂದೂಕೂ ಇಲ್ಲ. ಸೂಪಿನ ಹಂಡೆ, ಸೌಟು, ಅಷ್ಟೇ. ಅರ್ಥ ಆಯ್ತಾ?"

ಅರ್ಥವಾಗಿತ್ತು. ಬೇಟೆಯಲ್ಲಿ ತನ್ನಿಂದ ಸಂಘಕ್ಕೆ ಏನೂ ಆಗಿಲ್ಲ ಎಂಬುದು ತೈಸ್ತೊಗೇ ಚೆನ್ನಾಗಿ ಗೊತ್ತು. ಅವನ ಕೊಡುಗೆ ಎಂದರೆ ಎರಡು. ವಸಂತದ ವಾರ್ಷಿಕ ಸಭೆಯ ದಿನ ಎಲ್ಲರ ಹಬೆಸ್ನಾನಕ್ಕೆ ಸೌನಾ ಕೋಣೆ ಕಾಯಿಸುವುದು, ಮತ್ತು ಆ ಸಭೆಯ ನಡಾವಳಿ ಸರಿಯಿದೆ ಎಂದು ಪರಿಶೀಲಕನಾಗಿ ಸಹಿ ಹಾಕುವುದು. ಹನ್ನೆರಡು ವರ್ಷದಿಂದ ಅವನನ್ನೇ ಪರಿಶೀಲಕ ಎಂದು ಆರಿಸುತ್ತ ಬಂದಿದ್ದಾರೆ. ಅಂಚೆಯವನಲ್ಲವೇ, ಅಕ್ಷರ ದುಂಡಗಿದೆ.

ದೊಡ್ಡ ಬಂಡೆಗೆ ಮುಕ್ಕಾಲು ಗಂಟೆಯ ನಡಿಗೆ. ದೋಣಿ ಬೂಟಿನಲ್ಲಿ ಅದು ಒಂದೂವರೆ ಗಂಟೆಯಾಯಿತು. ಪ್ರತಿ ಹೆಜ್ಜೆಗೂ ಎಡಗಾಲು ಮುಂದಕ್ಕೆ ತೂಗಿ ಹಿಂದಕ್ಕೆ ತೂಗುತ್ತಿತ್ತು. ಎರಡು ಸಲ ಹಳ್ಳದಲ್ಲಿ ಬಿದ್ದ. ಕಲೇವಿಯ ಚರ್ಮ ಹಾಸಿ ಬಂಡೆಗೆ ಒರಗಿ ಕೂರುವ ಹೊತ್ತಿಗೆ ಪ್ಯಾಂಟಿನ ಹಿಂಭಾಗ ಹೆಪ್ಪುಗಟ್ಟಿ ಹಲಗೆಯಾಗಿತ್ತು. ಸುಟ್ಟ ತೋಳಿನ ಒಳಗೆ ಗಾಳಿ ಆರಾಮಾಗಿ ಓಡಾಡುತ್ತಿತ್ತು.

ಅಷ್ಟರಲ್ಲಿ ಮತ್ತೆ ಲೈಲಾಕ್ ಘಮ್ಮೆಂದಿತು.

ತೈಸ್ತೊ ಜಾಕೆಟ್ಟು ಮೂಸಿದ. ಹೊಗೆ. ಟೋಪಿ ಮೂಸಿದ. ಹೊಗೆ. ಕೈ ಮೂಗಿನ ಹತ್ತಿರ ತಂದಾಗ ಗೊತ್ತಾಯಿತು. ಕೈಗವಸು! ಹಿಲ್ಕ ತಾನೇ ಹೆಣೆದುಕೊಟ್ಟ ಕೆಂಪು ಉಣ್ಣೆಯ ಕೈಗವಸು ಬಟ್ಟೆಗೆ ಹೊಗೆ ಹಾಕುವಾಗ ಚೀಲದಲ್ಲಿದ್ದು ತಪ್ಪಿಸಿಕೊಂಡಿತ್ತು. ಅವನು ಅದನ್ನು ಕಳಚಿ, ಮೂವತ್ತು ಹೆಜ್ಜೆ ಕುಂಟಿಕೊಂಡು ಹೋಗಿ, ಒಂದು ಮರದ ಕೊಂಬೆಗೆ ಎರಡನ್ನೂ ಸಿಕ್ಕಿಸಿ, ಕುಂಟಿಕೊಂಡು ವಾಪಸು ಬಂದ. ಬೆರಳುಗಳು ಮೊದಲು ನೋಯತೊಡಗಿದವು, ಆಮೇಲೆ ನೋಯುವುದನ್ನೂ ಬಿಟ್ಟವು.

ಹನ್ನೊಂದಾಯಿತು. ಹನ್ನೆರಡಾಯಿತು. ಹೊಟ್ಟೆ ಮೇಜಿನ ಮೇಲಿನ ಸಾಸೇಜನ್ನು ನೆನೆದು ಗೊಣಗಿತು. ಐವತ್ತೆಂಟು ವರ್ಷದ ಗಂಡಸು, ಹೆಪ್ಪುಗಟ್ಟಿದ ಪ್ಯಾಂಟಿನಲ್ಲಿ, ಉಪವಾಸ, ಬರಿಗೈಯಲ್ಲಿ, ಇಡೀ ಊರಿನ ಸೂಪು ತನ್ನ ತಲೆಯ ಮೇಲೆ. ಇದೆಲ್ಲ ಯಾಕೆ? ಒಂದು ಹೆಸರಿಗೆ. ಅಳು ಬಂದರೂ ಕಣ್ಣಿನಲ್ಲೇ ಹೆಪ್ಪುಗಟ್ಟುತ್ತದೆ ಎನ್ನಿಸಿ ತಡೆದುಕೊಂಡ.

ಹನ್ನೆರಡೂವರೆಗೆ ಜೇಬಿನಲ್ಲಿದ್ದ ಕೈರೇಡಿಯೊ ಗರಗರ ಎಂದಿತು. ಸೋವುವವರಲ್ಲಿ ಒಬ್ಬನ ದನಿ. "ಎದ್ದಿದೆ! ಗಂಡು, ಒಂಟಿ, ದೊಡ್ಡದು! ಕಲೇವಿ ಕಡೆಗೇ ಹೋಗ್ತಿದೆ!"

ಕಲೇವಿಯ ಕಡೆಗೆ ಹೋಯಿತೆಂದರೆ ಕತೆ ಮುಗಿಯಿತು. ಊರಿಗೆ ಸೂಪೇನೋ ಸಿಗುತ್ತದೆ, ಹಂದಿ ಮಾತ್ರ ಹಂದಿಯಾಗಿಯೇ ಉಳಿಯುತ್ತದೆ. ಕಿವಿ ಮುಚ್ಚಿಕೊಂಡು ಗುಂಡಿನ ಸದ್ದಿಗೆ ಕಾದ.

ಸದ್ದಿಲ್ಲ. ರೇಡಿಯೊದಲ್ಲಿ ಕಲೇವಿ. "ಹೋಯ್ತು. ಸೀನು ಬಂತು."

"ಸೀನಾ?" ಎಂದು ತೈಸ್ತೊ ಬಂಡೆಯನ್ನೇ ಕೇಳಿದ. ಮನೆಗೆ ಬೆಂಕಿ ಬಿದ್ದರೂ ಕಲೇವಿ ಕಂಡಿಯಲ್ಲಿ ಸೀನುವವನಲ್ಲ.

"ರೈಮೊ, ನಿನ್ನ ಕಡೆ ಬಂತು!" ಎಂದ ಸೋವುವವನು.

ಇಲ್ಲೂ ಗುಂಡು ಹಾರಲಿಲ್ಲ. ಆಮೇಲೆ ರೈಮೊ, "ಕನ್ನಡಕಕ್ಕೆ ಮಂಜು ಕವಿದುಬಿಡ್ತು ಕಣ್ರೋ. ಎದುರಿಗೇ ನಿಂತಿತ್ತು. ಹೋಯ್ತು."

"ಸುಲೊ! ನಿನ್ನ ಕಡೆ!"

"ನೋಡಿದೆ, ನೋಡಿದೆ," ಎಂದ ಸುಲೊ, ಒಲೆಯಲ್ಲಿ ಬನ್ನು ನೋಡಿದಷ್ಟು ನಿಧಾನವಾಗಿ. "ಬೂಟಿನ ದಾರ ಬಿಚ್ಚಿತ್ತು, ಕಟ್ಕೋತಿದ್ದೆ. ಹೋಯ್ತು. ಬಂಡೆ ಕಡೆ ಹೋಯ್ತು."

ತೈಸ್ತೊ ಪೂರ್ತಿ ಎದೆಗೆಟ್ಟ. ಇಂಥ ಇಂಥವರಿಗೇ ತಪ್ಪಿಸಿಕೊಂಡು ಬರುತ್ತಿರುವ ಮೂಸ್, ಅದು ಮೂಸ್ ಅಲ್ಲ, ಮಾಯೆ. ಮೂರು ಕಂಡಿ ದಾಟಿದ್ದು ನಾಲ್ಕನೆಯದರಲ್ಲಿ ಬೀಳುತ್ತದೆಯೇ, ಅದೂ ನನ್ನ ಕೈಯಲ್ಲಿ? ಸೌಟಿನ ಹಿಡಿ ಅಂಗೈಯಲ್ಲಿ ಆಗಲೇ ಇದ್ದಂತೆ ಭಾಸವಾಯಿತು. ಬೆರಳುಗಳನ್ನು ಬಾಯಿಗೆ ಹಾಕಿಕೊಂಡು ಬೆಚ್ಚಗೆ ಮಾಡುತ್ತ ಕೂತ.

ಕೊಂಬೆ ಮುರಿದ ಸದ್ದು.

ಕಾಡಿನ ಅಂಚಿನಲ್ಲಿ ಅದು ನಿಂತಿತ್ತು. ಕವಲೊಡೆದ ಕೊಂಬು, ಕೆಳಗೆ ಇಳಿಬಿದ್ದ ಉದ್ದ ಮೂತಿ, ನಾಲ್ಕು ಕಂಬದಂಥ ಕಾಲು. ಈಗ ನನ್ನ ವಾಸನೆ ಹಿಡಿಯುತ್ತದೆ, ಈಗ ತಿರುಗಿ ಓಡುತ್ತದೆ ಎಂದುಕೊಂಡ ತೈಸ್ತೊ. ಮೂಸ್ ಮೂಗು ಎತ್ತಿತು. ಮೂಗಿನ ಹೊಳ್ಳೆಗಳು ಅರಳಿದವು. ಓಡಲಿಲ್ಲ. ಬದಲಿಗೆ, ಅಂಗಡಿಯೊಳಗೆ ಕುತೂಹಲಕ್ಕೆ ಇಣುಕುವ ಹೆಂಗಸಿನ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಕೈಗವಸಿದ್ದ ಮರದ ಹತ್ತಿರ ಬಂದು, ಕೆಂಪು ಉಣ್ಣೆಯನ್ನು ದೀರ್ಘವಾಗಿ ಮೂಸಿ, ಒಂದನ್ನು ಬಾಯಿಗೆ ಹಾಕಿಕೊಂಡು ಜಗಿಯತೊಡಗಿತು.

ಹಿಲ್ಕಳ ಸೋಪು! ತೈಸ್ತೊಗೆ ಬೆಳಿಗ್ಗೆ ಬೈದದ್ದೆಲ್ಲ ನೆನಪಾಯಿತು. ಮನೆಗೆ ಹೋದ ತಕ್ಷಣ ಅವಳ ಕೈ ಹಿಡಿದು ಕ್ಷಮೆ ಕೇಳಬೇಕು. ಬೆರಳು ಬಾಯಿಂದ ತೆಗೆದು, ಬಂದೂಕು ಎತ್ತಿ, ಕಲೇವಿ ಒರೆಸಿಕೊಟ್ಟ ಗಾಜಿನಲ್ಲಿ ನೋಡಿದ. ಮೂಸ್‌ನ ಭುಜ ಬಾಗಿಲಿನಷ್ಟು ಅಗಲವಾಗಿ ಕಂಡಿತು. ಒತ್ತಿದ.

ಸದ್ದು ಗುಡ್ಡದಿಂದ ಗುಡ್ಡಕ್ಕೆ ಹೋಗಿ ಮರಳಿತು. ಹೊಗೆಯಾಚೆ ಮೂಸ್ ಬಿದ್ದಿತ್ತು, ಬಾಯಲ್ಲಿ ಕೆಂಪು ಕೈಗವಸು ಸಮೇತ.

ರೇಡಿಯೊ ಒತ್ತಿ, "ಬಿತ್ತು," ಎಂದ. ದನಿ ಒಡೆಯಿತು. "ನಾನು... ಬಿತ್ತು."

ಆಮೇಲೆ ಹೌಕಿಲಂಪಿಯ ಕಾಡಿನಲ್ಲಿ ಯಾರೂ ಕೇಳಿರದ ಸದ್ದೊಂದು ಕೇಳಿತು. ಸಾಮಾನ್ಯವಾಗಿ ಮೂಸ್ ಬಿದ್ದರೆ ಅಲ್ಲಿನವರು "ಹೂಂ" ಎನ್ನುತ್ತಾರೆ. ತುಂಬಾ ದೊಡ್ಡದಾದರೆ "ಹೂಂ ಹೂಂ" ಎನ್ನುತ್ತಾರೆ. ಅಂದು ಆರು ದಿಕ್ಕಿನಿಂದ ಆರು ಮಂದಿ ಹೋ ಎಂದು ಕಿರುಚಿದರು. ಕಾರಿನಲ್ಲಿದ್ದ ಔಲಿಸ್ ಹಾರ್ನ್ ಒತ್ತಿದವನು ಬಿಡಲೇ ಇಲ್ಲ.

ಓಡಿ ಬಂದು ತಬ್ಬಿಕೊಂಡರು. ತಬ್ಬಿಕೊಂಡರು! ರೈಮೊ ಅವನ ಕೆನ್ನೆಗೆ ಕನ್ನಡಕ ಒತ್ತಿದ. ಕಲೇವಿ ಬಾಟಲಿ ತೆಗೆದು ಗೆದ್ದವನ ಗುಟುಕು ಕುಡಿಸಿದ. ಮೂಸ್ ಬಗೆಯುವ ಕೆಲಸಕ್ಕೆ ತೈಸ್ತೊನ ಕೈ ಸೋಕಿಸಗೊಡಲಿಲ್ಲ. ಅದನ್ನು ಎಳೆದುಕೊಂಡು ಹೋಗುವ ಗಾಡಿಯಲ್ಲಿ ಅವನನ್ನೂ ಕೂರಿಸಿ, ಮೇಲೆ ಹೊದಿಕೆ ಹೊದಿಸಿದರು. ಔಲಿಸ್ ಮಾತ್ರ ದೂರದಲ್ಲಿ ನಿಂತು ಸದ್ದಿಲ್ಲದೆ ಅಳುತ್ತಿದ್ದ.

ಎಂಥ ಮನುಷ್ಯ, ಎಂದುಕೊಂಡ ತೈಸ್ತೊ. ನನಗಿಂತ ಅವನಿಗೇ ಹೆಚ್ಚು ಖುಷಿ.

ಬೇಟೆ ಮನೆಯಲ್ಲಿ ಅವನ ಸಾಸೇಜುಗಳನ್ನು ಅವರೇ ಸುಟ್ಟು ಮುಂದಿಟ್ಟರು. ಮೂರನೆಯದು ಬಾಯಲ್ಲಿದ್ದಾಗ ಔಲಿಸ್ ಗಂಟಲು ಸರಿಮಾಡಿಕೊಂಡು, ಕಪಾಟಿನಿಂದ ಸಂಘದ ನಡಾವಳಿ ಪುಸ್ತಕ ತೆಗೆದು ಓದಿದ.

"ವಸಂತದ ವಾರ್ಷಿಕ ಸಭೆ. ಏಳನೇ ವಿಷಯ. ಮುಂದಾಳು ಸ್ಥಾನಕ್ಕೆ ಹನ್ನೊಂದು ವರ್ಷದಿಂದ ಬೇರೆ ಯಾರೂ ಒಪ್ಪದೇ ಇರುವುದರಿಂದ, ಈ ವರ್ಷ ಊರಿನ ಪಾಲಿನ ಕೊನೆಯ ಮೂಸ್ ಹೊಡೆದವರೇ ಮುಂದಿನ ಮುಂದಾಳು ಎಂದು ಎಲ್ಲರೂ ಒಪ್ಪಿದರು."

ಸಾಸೇಜು ತೈಸ್ತೊನ ಗಂಟಲಲ್ಲಿ ನಿಂತಿತು.

"ಎಲ್ಲರೂ? ನಾನು ಎಲ್ಲಿದ್ದೆ?"

"ನೀನು ಸೌನಾ ಕಾಯಿಸ್ತಿದ್ದೆ," ಎಂದ ರೈಮೊ.

"ನನಗೆ ಗೊತ್ತೇ ಇಲ್ಲ ಇದು! ನಾನು ಒಪ್ಪಿಲ್ಲ!"

ಔಲಿಸ್ ಪುಸ್ತಕ ತಿರುಗಿಸಿ ಅವನ ಮುಂದೆ ಹಿಡಿದ. ಏಳನೇ ವಿಷಯದ ಕೆಳಗೇ, 'ಓದಿ ನೋಡಿದ್ದೇನೆ, ಸರಿಯಾಗಿದೆ' ಎಂಬ ಸಾಲಿನ ಮುಂದೆ, ದುಂಡಗಿನ ಚೆಂದದ ಅಕ್ಷರಗಳಲ್ಲಿ ತೈಸ್ತೊನ ಸಹಿ. ಸಹಿ ಹಾಕಿದ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಆಲಿಕಲ್ಲಿನ ಮಳೆ, ಅಂಚೆ ಕಾರಿನ ಬಾನೆಟ್ಟಿನ ಮೇಲೆ ಪುಸ್ತಕ, ಒಂದು ಕೈಯಲ್ಲಿ ಲೆಂಪಿ ಅಜ್ಜಿಯ ಪಾರ್ಸೆಲ್ಲು. ನಡಾವಳಿ ಯಾರಾದರೂ ಓದುತ್ತಾರೆಯೇ? ದೇಶ ಹುಟ್ಟಿದಾಗಿನಿಂದ ಒಬ್ಬ ಪರಿಶೀಲಕನೂ ಓದಿಲ್ಲ.

ಅವನು ಒಬ್ಬೊಬ್ಬರನ್ನೇ ನೋಡಿದ. ಕಲೇವಿ ಚಾವಣಿ ನೋಡಿದ. ಸುಲೊ ಬೂಟಿನ ದಾರ ನೋಡಿಕೊಂಡ. ಅದು ಗಟ್ಟಿಯಾಗಿಯೇ ಕಟ್ಟಿತ್ತು.

"ನಿನ್ನ ಸೀನು," ಎಂದ ತೈಸ್ತೊ ಮೆಲ್ಲಗೆ.

"ಶೀತ ಆಗಿದೆ," ಎಂದ ಕಲೇವಿ.

ಔಲಿಸ್ ಮೇಜಿನ ಮೇಲೆ ಒಂದೊಂದಾಗಿ ಇಟ್ಟ. ಬೇಟೆ ಮನೆಯ ಬೀಗದ ಕೈ. ಪರವಾನಗಿ ಅರ್ಜಿಗಳ ಕಡತ. ನಲವತ್ತಮೂರು ಒಡೆಯರ ಪಟ್ಟಿ. "ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಪ್ರತಿಯೊಬ್ಬರ ಮನೆಗೂ ಹೋಗಿ ಕಾಡಿಗೆ ಅನುಮತಿ ಕೇಳ್ಬೇಕು. ಒಂದು ಮನೇಲಿ ಮೂರು ಲೋಟ ಕಾಫಿಗಿಂತ ಕಡಿಮೆ ಕುಡಿದ್ರೆ ಅವಮಾನ ಮಾಡ್ದ ಅಂತಾರೆ. ಉಳಿದ ಹನ್ನೊಂದು ತಿಂಗಳು ಅವರೇ ನಿನ್ನ ಮನೆಗೆ ಬರ್ತಾರೆ." ಕೊನೆಗೆ ತನ್ನ ಫೋನಿನಿಂದ ಒಂದು ಸಂದೇಶ ಕಳಿಸಿ, "ನಿನ್ನ ನಂಬರು ಎಲ್ಲರಿಗೂ ಕೊಟ್ಟಿದ್ದೀನಿ," ಎಂದ. ಅವನ ಬೆನ್ನು ನೆಟ್ಟಗಾಗಿತ್ತು. ಬಾಗಿಲಿಗೆ ಅವನ ತಲೆ ತಾಗುವುದನ್ನು ಹನ್ನೊಂದು ವರ್ಷದ ನಂತರ ಎಲ್ಲರೂ ನೋಡಿದರು.

"ಅಲ್ಲ ಔಲಿಸ್," ತೈಸ್ತೊ ಅಂಗಲಾಚಿದ, "ಮುಂದಿನ ವರ್ಷ ನಾನು ಯಾವ ಕಂಡೀಲಿ ನಿಲ್ಲೋದು? ದೊಡ್ಡ ಬಂಡೆ ತಾನೇ?"

"ಮುಂದಾಳು ಎಲ್ಲೂ ನಿಲ್ಲಲ್ಲ ಮಾರಾಯ. ಕಾರಲ್ಲಿ ಕೂತು ಫೋನಿಗೆ ಉತ್ತರ ಹೇಳ್ತಾನೆ. ಮತ್ತೆ ಶನಿವಾರ ಹಂಡೆ ಹತ್ರ ನಿಂತು ಎಲ್ಲರಿಗೂ ಬಡಿಸ್ತಾನೆ." ಔಲಿಸ್ ಮೂಲೆಯಿಂದ ಸೌಟು ತಂದು ಕಡತದ ಮೇಲಿಟ್ಟ. ದೊಡ್ಡ ಸೌಟು, ಹಿಡಿಯೇ ಎರಡು ಮೊಳ.

ನಾಲ್ಕು ಗಂಟೆಗೆ, ಕಡತ ಕಂಕುಳಲ್ಲಿ, ಸೌಟು ಹೆಗಲ ಮೇಲೆ, ದೋಣಿ ಬೂಟಿನಲ್ಲಿ ತೂಗುತ್ತ ತೈಸ್ತೊ ಮನೆಯ ಮೆಟ್ಟಿಲು ಹತ್ತಿದ. ಅಡುಗೆಮನೆಯಲ್ಲಿ, ಅವನದೇ ಕುರ್ಚಿಯಲ್ಲಿ, ಲೆಂಪಿ ಅಜ್ಜಿ ಕೂತಿದ್ದಳು.

"ಬಾ ಹಂದಿ ಮುಂದಾಳು, ಬಾ. ಆಗ್ಲಿಂದ ಕಾಯ್ತಿದ್ದೀನಿ. ನನ್ನ ಪೈನ್ ಸಸಿ ವಿಷಯ ಮಾತಾಡ್ಬೇಕು. ನೂರಾ ಇಪ್ಪತ್ತು ಅಂದಿದ್ದೆ, ಮತ್ತೆ ಎಣಿಸಿದೆ, ನೂರಾ ಮೂವತ್ತೊಂದು."

"ಅಜ್ಜಿ, ಮೂಸ್ ಬಿದ್ದಿದೆ. ನಾನೇ ಹೊಡೆದಿದ್ದು. ಇನ್ನಾದ್ರೂ ಹಂದಿ..."

"ಮೂಸ್ ಬರುತ್ತೆ ಹೋಗುತ್ತೆ. ಹೆಸರು ಹೆಸರೇ," ಎಂದಳು ಅಜ್ಜಿ.

ಹಿಲ್ಕ ಒಲೆಯ ಪಕ್ಕ ಕೈಕಟ್ಟಿ ನಿಂತಿದ್ದಳು. ಅವಳ ಕಣ್ಣು ಸೌಟಿನ ಮೇಲಿತ್ತು. ತೈಸ್ತೊ ಕಡತ ಕೆಳಗಿಟ್ಟು, ಉಳಿದೊಂದು ಕೆಂಪು ಕೈಗವಸನ್ನು ಜೇಬಿನಿಂದ ತೆಗೆದು ಅವಳ ಮುಂದೆ ಹಿಡಿದ.

"ಕ್ಷಮಿಸು ಹಿಲ್ಕ. ಬೆಳಿಗ್ಗೆ ಬೈದಿದ್ದೆ. ನಿನ್ನ ಸೋಪಿನ ವಾಸನೆಗೇ ಅದು ನೆಟ್ಟಗೆ ಬಂತು. ಇನ್ನೊಂದನ್ನ ತಿಂದೇಬಿಡ್ತು."

ಹಿಲ್ಕ ಕೈಗವಸು ಇಸಕೊಂಡಳು. ತಿರುಗಿಸಿ ನೋಡಿದಳು. ಆಮೇಲೆ ಸ್ಟೂಲಿನ ಮೇಲೆ ಕೂತಳು.

"ವಾಸನೆಗೆ ಓಡಿಹೋಗ್ಲಿಲ್ವಾ?"

"ಇಲ್ಲ. ಹುಡುಕ್ಕೊಂಡು ಬಂತು. ಯಾಕೆ?"

"ಓಡಿಹೋಗ್ಲಿ ಅಂತಲೇ ಎರಡು ಸಲ ಒಗೆದಿದ್ದೆ ಕಣೋ!" ಹಿಲ್ಕ ಕೈಗವಸನ್ನು ಮೇಜಿಗೆ ಕುಕ್ಕಿದಳು. "ಅಂಗಡಿಯಲ್ಲಿ ಎಲ್ಲಕ್ಕಿಂತ ಘಾಟು ಯಾವುದು ಅಂತ ಕೇಳಿ ತಂದಿದ್ದೆ. ಕೊನೇ ಮೂಸ್ ಹೊಡೆದವನೇ ಮುಂದಾಳು ಅಂತ ಊರಿಗೆಲ್ಲಾ ಗೊತ್ತು. ಔಲಿಸನ ಹೆಂಡತಿ ಹನ್ನೊಂದು ವರ್ಷ ಒಲೆ ಮುಂದೆ ಹೇಗೆ ಬೆಂದಳು ಅಂತ ನೋಡಿದ್ದೀನಲ್ಲ!"

"ಗೊತ್ತಿದ್ರೆ ನನಗೆ ಹೇಳೋದಲ್ವಾ?"

"ನೀನೇ ಸಹಿ ಹಾಕಿದ್ದೀಯಲ್ಲ! ಗೊತ್ತಿದ್ದೇ ಹೋಗ್ತಿದ್ದೀಯ, ಆ ಹೆಸರು ಕಳ್ಕೊಳ್ಳೋಕೆ ಇದಕ್ಕೂ ತಯಾರಾಗಿದ್ದೀಯ ಅಂದ್ಕೊಂಡೆ. ನಿನ್ನ ಜೊತೆ ವಾದ ಮಾಡೋದಕ್ಕಿಂತ ಮೂಸ್‌ನ ಓಡಿಸೋದೇ ಸುಲಭ ಅನ್ನಿಸ್ತು."

ಹೊರಗೆ ಗೇಟಿನ ಸದ್ದಾಯಿತು. ಕಾರೊಂದು ಬಂದು ನಿಂತಿತು, ಅದರ ಹಿಂದೆ ಇನ್ನೊಂದು. ತೈಸ್ತೊನ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು.

ಲೆಂಪಿ ಅಜ್ಜಿ ಲೋಟ ತುದಿಗೆ ಸರಿಸಿದಳು.

"ಇದು ಎರಡನೇ ಲೋಟ. ಮತ್ತೆ ಒಂದು ಮಾತು ಹಿಲ್ಕ, ತಪ್ಪು ತಿಳ್ಕೋಬೇಡ. ಔಲಿಸನ ಮನೇಲಿ ಕಾಫಿ ಜೊತೆ ಏಲಕ್ಕಿ ಬನ್ನು ಕೊಡ್ತಿದ್ರು."